ಹರೆಯದ ಮಕ್ಕಳನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಮನೆಗೆ ನೆರವಾಗುವುದು ಹೇಗೆ: ಮೊದಲ ದಿನದಿಂದ ವರ್ಷದವರೆಗೆ

ದಾವಣಗೆರೆಯಲ್ಲಿ ಸಾವಿನ ಮನೆಗೆ ಜನರ ಕೊರತೆ ಇರುವುದಿಲ್ಲ. ಮಣ್ಣಿಗೆ ಇಡೀ ಓಣಿ ಬರುತ್ತದೆ. ಹರಿಹರ, ಹೊನ್ನಾಳಿ, ಜಗಳೂರಿನಿಂದ ನೆಂಟರು ಗಾಡಿ ಮಾಡಿಕೊಂಡು ಬರುತ್ತಾರೆ. ಮಾತಾಡಿಸಿ ಹೋಗುವವರಿಂದ ಹತ್ತು ದಿನ ಹಾಲ್ ತುಂಬಿರುತ್ತದೆ. ದಿನ ಮಾಡಿ ಮುಗಿದ ಮರುವಾರ ಹೋಗಿ ನೋಡಿ. ಅಪ್ಪ ಒಂದು ಕೋಣೆಯಲ್ಲಿ, ಅಮ್ಮ ಇನ್ನೊಂದು ಕೋಣೆಯಲ್ಲಿ. ಬ್ಯಾಂಕಿನಿಂದ ಬಂದ ಕವರ್ ಒಡೆಯದೆ ಟಿವಿ ಮೇಲೆ ಬಿದ್ದಿರುತ್ತದೆ.

ಮಗನೋ ಮಗಳೋ ಇಪ್ಪತ್ತು, ಇಪ್ಪತ್ತೈದಕ್ಕೆ ಕ್ಯಾನ್ಸರ್‌ನಿಂದ ಹೋದ ಮನೆಯಲ್ಲಿ ಇದು ಇನ್ನೂ ಕಷ್ಟ. ಬೆಂಗಳೂರಿನ ಕಿದ್ವಾಯಿಗೋ ಬೇರೆ ಆಸ್ಪತ್ರೆಗೋ ತಿಂಗಳುಗಟ್ಟಲೆ ಓಡಾಡಿ ಅವರು ಸಾವಿಗೆ ಮೊದಲೇ ಸುಸ್ತಾಗಿರುತ್ತಾರೆ. ಉಳಿತಾಯ ಕರಗಿರುತ್ತದೆ, ಬಂಗಾರ ಅಡವಿಟ್ಟಿರುತ್ತಾರೆ. ನಾವು ಮಾಡುವ ತಪ್ಪು ಎರಡೇ. ಒಂದು, ಇರುವ ಸಹಾಯವನ್ನೆಲ್ಲ ಮೊದಲ ಹನ್ನೊಂದು ದಿನಕ್ಕೇ ಸುರಿಯುವುದು. ಎರಡು, "ಏನಾದ್ರೂ ಬೇಕಾದ್ರೆ ಹೇಳಿ" ಅಂದು ಎದ್ದು ಬರುವುದು. ಅವರು ಹೇಳುವುದಿಲ್ಲ. ಏನು ಬೇಕು ಅಂತ ಅವರಿಗೇ ಗೊತ್ತಿರುವುದಿಲ್ಲ.

ಇದನ್ನು ಬರೆದಿರುವುದು ನೆಂಟರಿಗೆ, ಗೆಳೆಯರಿಗೆ, ಅಕ್ಕಪಕ್ಕದವರಿಗೆ. ದುಃಖದಲ್ಲಿರುವ ಮನೆಯವರಿಗೇ ಇದನ್ನು ಫಾರ್ವರ್ಡ್ ಮಾಡಬೇಡಿ.

## ಮೊದಲು ಹೊಂದಿಸಿಕೊಳ್ಳಬೇಕಾದ್ದು

ನಾಲ್ಕೈದು ಜನ ಸಾಕು. ಜಾಸ್ತಿ ಜನ ಇದ್ದರೆ ಒಬ್ಬರು ಮಾಡುತ್ತಾರೆ ಅಂತ ಇನ್ನೊಬ್ಬರು ಸುಮ್ಮನಿರುತ್ತಾರೆ. ಅವರಲ್ಲಿ ಒಬ್ಬರು ಮನೆಯ ಒಳಗಿನವರಾಗಿರಲಿ, ಸೋದರಮಾವ, ಚಿಕ್ಕಮ್ಮ, ದೊಡ್ಡಪ್ಪನ ಮಗ ಹೀಗೆ. ಕಾಗದಪತ್ರದ ಓಡಾಟ ಗೊತ್ತಿರುವವರು ಒಬ್ಬರು ಇರಲಿ. ತೀರಿಕೊಂಡವರ ಆಪ್ತ ಗೆಳೆಯನೋ ಗೆಳತಿಯೋ ಒಬ್ಬರು ಇರಲೇಬೇಕು. ಮಕ್ಕಳ ಫೋನು, ಆಫೀಸು, ಪಿಜಿ, ಇವೆಲ್ಲ ಅಪ್ಪ ಅಮ್ಮನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತವೆ.

ಒಂದು ನೋಟ್‌ಬುಕ್ ಮತ್ತು ಬಟನ್ ಇರುವ ಒಂದು ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ಯಾರು ಯಾವ ಕೆಲಸ ಹಿಡಿದಿದ್ದಾರೆ, ಎಲ್ಲಿಗೆ ಹೋದರು, ಏನು ಹೇಳಿ ಕಳಿಸಿದರು, ಎಲ್ಲವನ್ನೂ ಆ ನೋಟ್‌ಬುಕ್ಕಿನಲ್ಲೇ ಬರೆಯಿರಿ. ಇದಕ್ಕಾಗಿ ವಾಟ್ಸಾಪ್ ಗ್ರೂಪ್ ಮಾಡಿದರೆ ಅದರಲ್ಲಿ ಮನೆಯವರನ್ನು ಸೇರಿಸಬೇಡಿ.

## ಹಂತ 1: ಮೊದಲ ದಿನ

ಸಾವು ಬೆಂಗಳೂರಿನಲ್ಲಿ ಆಗಿದ್ದರೆ ಮೊದಲ ಕೆಲಸ ಆಸ್ಪತ್ರೆಯಲ್ಲೇ ಇದೆ. ಆಂಬುಲೆನ್ಸ್ ಹೊರಡುವ ಆತುರದಲ್ಲಿ ಕಾಗದಗಳು ಅಲ್ಲೇ ಉಳಿಯುತ್ತವೆ. ಸಾವಿನ ವಿವರದ ಪತ್ರ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಎಲ್ಲ ಕೈಗೆ ಬಂದ ಮೇಲೆ ಹೊರಡಿ. ಆಸ್ಪತ್ರೆಯ ದಾಖಲೆಯಲ್ಲಿರುವ ಹೆಸರು, ಅಪ್ಪನ ಹೆಸರು, ವಯಸ್ಸು ಆಧಾರ್‌ನಲ್ಲಿ ಇರುವ ಹಾಗೇ ಇವೆಯಾ ಅಂತ ಒಬ್ಬರು ಕೂತು ಓದಿ ನೋಡಬೇಕು. ಇನಿಷಿಯಲ್ ತಪ್ಪಿದರೂ ಮುಂದೆ ಬ್ಯಾಂಕಿನಲ್ಲಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಮನೆಯಲ್ಲೇ ತೀರಿಕೊಂಡಿದ್ದರೆ ಕೊನೆಯ ದಿನಗಳಲ್ಲಿ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಹದಿನೈದು ದಿನ ಬಿಟ್ಟು ಹೋದರೆ ಅವರು ರಜೆಯಲ್ಲಿರಬಹುದು.

ಸುದ್ದಿ ತಿಳಿಸುವ ಕೆಲಸವನ್ನು ಒಬ್ಬರೇ ಮಾಡಲಿ. ಅಪ್ಪನ ಫೋನನ್ನೂ ಅವರೇ ಇಟ್ಟುಕೊಂಡು ಬಂದ ಕರೆಗೆ ಉತ್ತರ ಕೊಡಲಿ. "ಏನಾಗಿತ್ತು, ಯಾವಾಗ ಗೊತ್ತಾಯ್ತು, ಯಾವ ಸ್ಟೇಜು" ಅನ್ನುವ ಪ್ರಶ್ನೆಗೆ ಆ ದಿನ ನಲವತ್ತು ಸಲ ಉತ್ತರ ಹೇಳುವ ಪಾಡು ಅಪ್ಪನಿಗೆ ಬರಬಾರದು, ಅಲ್ವಾ?

## ಹಂತ 2: ಮಣ್ಣಿನಿಂದ ದಿನದವರೆಗೆ

ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ಹಾಲು ತುಪ್ಪ, ಹನ್ನೊಂದನೇ ದಿನ, ಶಿವಗಣಾರಾಧನೆ, ವೈಕುಂಠ, ಜಿಯಾರತ್, ನಲವತ್ತು. ಯಾವುದನ್ನು ಮಾಡಬೇಕು, ಎಷ್ಟು ದೊಡ್ಡದಾಗಿ ಮಾಡಬೇಕು ಅನ್ನುವುದನ್ನು ಮನೆಯವರೇ ಹೇಳಲಿ. ಇಲ್ಲಿ ನಿಮ್ಮ ಕೆಲಸ ಖರ್ಚಿಗೆ ಕಡಿವಾಣ ಹಾಕುವುದು. ಸಾಲ ಮಾಡಿ ಚಿಕಿತ್ಸೆ ಕೊಡಿಸಿದ ಮನೆಯವರು ಇನ್ನಷ್ಟು ಸಾಲ ಮಾಡಿ ಐನೂರು ಜನಕ್ಕೆ ಊಟ ಹಾಕಬೇಕಿಲ್ಲ. ಆದರೆ ಹಾಗೆ ಹೇಳುವ ಧೈರ್ಯ ಮನೆಯವರಿಗೆ ಇರುವುದಿಲ್ಲ, ಜನ ಏನಂತಾರೋ ಅನ್ನುವ ಭಯ. ಆ ಮಾತು ಹಿರಿಯ ನೆಂಟರೊಬ್ಬರ ಬಾಯಿಂದ ಬರಲಿ. ಅದಕ್ಕೆ ಸೋದರಮಾವನೇ ಸರಿ.

ಒಲೆ ಹಚ್ಚದ ದಿನಗಳಲ್ಲಿ ಊಟ ಎಲ್ಲರೂ ತರುತ್ತಾರೆ. ಮೂರು ಮನೆಯ ಉಪ್ಪಿಟ್ಟು ಒಂದೇ ಬೆಳಿಗ್ಗೆ ಬಂದು ಹಳಸಿ ಹೋಗುತ್ತದೆ. ಯಾವ ಹೊತ್ತು ಯಾರದ್ದು ಅಂತ ನೋಟ್‌ಬುಕ್ಕಿನಲ್ಲಿ ಬರೆದು ಹಂಚಿ. ತಾಯಿಗೆ ಮಾತ್ರ ಬೇರೆ ವ್ಯವಸ್ಥೆ ಬೇಕು. ಗಂಜಿ, ಮಜ್ಜಿಗೆ, ಮೆತ್ತಗಿನ ಅನ್ನ ಸಾರು, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾರು ತೆಗೆದುಕೊಳ್ಳಬೇಕು ಅಂತ ತಿಳಿದುಕೊಂಡು ಎದುರಿಗೆ ನಿಂತು ಕೊಡಿ. ಈ ವಾರದಲ್ಲಿ ಮಾತ್ರೆ ತಪ್ಪಿಸಿ ಆಸ್ಪತ್ರೆ ಸೇರುವ ಅಪ್ಪ ಅಮ್ಮಂದಿರು ಇದ್ದಾರೆ.

ಇದೇ ವಾರ ಸದ್ದಿಲ್ಲದೆ ಮಾಡಬೇಕಾದ ಇನ್ನೊಂದು ಕೆಲಸ ಇದೆ. ಕ್ಯಾನ್ಸರ್ ರೋಗಿಯ ಮನೆಯಲ್ಲಿ ಮಾರ್ಫಿನ್‌ನಂಥ ಬಲವಾದ ನೋವಿನ ಮಾತ್ರೆ, ನಿದ್ದೆ ಮಾತ್ರೆ ಉಳಿದಿರುತ್ತವೆ. ಅವನ್ನು ಮೊದಲ ದಿನವೇ ಕಣ್ಣಿಗೆ ಕಾಣದ ಕಡೆ, ಸಾಧ್ಯವಾದರೆ ಆ ಮನೆಯಿಂದಲೇ ಹೊರಗೆ ಜೋಪಾನವಾಗಿ ಇಡಿ. ಆಮೇಲೆ ಕೊಟ್ಟ ಆಸ್ಪತ್ರೆಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೇಳಿ ತಲುಪಿಸಿ. ಬೇರೆ ರೋಗಿಗೆ ಆಗುತ್ತದೆ ಅಂತ ನೀವೇ ಹಂಚಬೇಡಿ. ಬಾಡಿಗೆಗೆ ತಂದ ಆಕ್ಸಿಜನ್ ಮೆಷಿನ್, ಗಾಲಿ ಕುರ್ಚಿ, ಏರ್‌ಬೆಡ್ ಇದ್ದರೆ ತಾಯಿಯನ್ನು ಒಂದು ಮಾತು ಕೇಳಿ ವಾಪಸ್ ಕಳಿಸಿ. ದಿನಕ್ಕಿಷ್ಟು ಅಂತ ಬಾಡಿಗೆ ಏರುತ್ತಾ ಇರುತ್ತದೆ.

ಹಾಸಿಗೆ, ಬಟ್ಟೆ, ತಟ್ಟೆ, ಲೋಟ ಮುಟ್ಟಬೇಡಿ. "ಸುಟ್ಟುಬಿಡಿ, ರೋಗದ ಬಟ್ಟೆ" ಅನ್ನುವವರು ಬಂದೇ ಬರುತ್ತಾರೆ. ಕ್ಯಾನ್ಸರ್ ಅಂಟುರೋಗ ಅಲ್ಲ. ಬಟ್ಟೆಯಿಂದಾಗಲಿ, ಪಾತ್ರೆಯಿಂದಾಗಲಿ ಬರುವುದಿಲ್ಲ. ಬಟ್ಟೆ ಕೊಡುವುದೋ ಇಟ್ಟುಕೊಳ್ಳುವುದೋ ತಾಯಿ ಮುಂದೆ ಯಾವಾಗಲಾದರೂ ತೀರ್ಮಾನ ಮಾಡಲಿ. ತೊಳೆಯದ ಒಂದು ಶರ್ಟಿಗಾಗಿ ವರ್ಷವೆಲ್ಲ ಹುಡುಕುವ ತಾಯಂದಿರು ಇದ್ದಾರೆ.

## ಹಂತ 3: ಮಾತಾಡಿಸಲು ಹೋದಾಗ

ಹೆಚ್ಚಿನ ಗಾಯ ಆಗುವುದು ಇಲ್ಲೇ, ಅದೂ ಒಳ್ಳೆಯ ಮನಸ್ಸಿನವರಿಂದಲೇ.

ಹೋಗುವ ಮೊದಲು ಫೋನ್ ಮಾಡಿ ಕೇಳಿ. ಕೆಲವು ಮನೆಗಳಲ್ಲಿ ವಾರ ನೋಡುತ್ತಾರೆ, ಅದಕ್ಕೆ ಬೆಲೆ ಕೊಡಿ. ಹತ್ತಿರದವರಲ್ಲದಿದ್ದರೆ ಹದಿನೈದು ಇಪ್ಪತ್ತು ನಿಮಿಷ ಸಾಕು. ನೆಲದ ಮೇಲೆ, ಅವರ ಪಕ್ಕದಲ್ಲಿ ಕೂತುಕೊಳ್ಳಿ. ಮೊಬೈಲ್ ಸೈಲೆಂಟ್ ಇರಲಿ. ಸುಮ್ನೆ ಕೂತರೂ ನಡೆಯುತ್ತದೆ. ಅಳುವವರನ್ನು "ಅಳಬೇಡಿ" ಅನ್ನಬೇಡಿ.

ಹೇಳಬಾರದ ಮಾತುಗಳು ನಮ್ಮ ನಾಲಿಗೆ ತುದಿಯಲ್ಲೇ ಇರುತ್ತವೆ. "ನರಳಾಟ ತಪ್ಪಿತು ಬಿಡಿ." "ದೇವರಿಗೆ ಒಳ್ಳೆಯವರೇ ಬೇಕು." "ಇನ್ನೊಬ್ಬ ಮಗ ಇದ್ದಾನಲ್ಲ." "ಮೊದಲೇ ತೋರಿಸಿದ್ರೆ ಉಳೀತಿದ್ದ." "ನಮ್ಮ ಊರಲ್ಲಿ ಒಬ್ಬರು ನಾಟಿ ಔಷಧಿ ಕೊಡ್ತಿದ್ರು, ಗೊತ್ತಾಗ್ಲಿಲ್ಲ ನೋಡಿ." ನನ್ನ ಲೆಕ್ಕದಲ್ಲಿ ಕೊನೆಯ ಎರಡು ಬೇರೆಲ್ಲದಕ್ಕಿಂತ ಕೆಟ್ಟವು. ತಾಯಿ ಮೊದಲೇ ರಾತ್ರಿಯೆಲ್ಲ ಅದನ್ನೇ ಎಣಿಸುತ್ತಾ ಮಲಗಿರುತ್ತಾಳೆ. ಹರೆಯದವರಲ್ಲಿ ಜ್ವರ, ಸುಸ್ತು, ಗಂಟು, ಬೆನ್ನುನೋವು ಕಂಡಾಗ ಕ್ಯಾನ್ಸರ್ ಇರಬಹುದು ಅಂತ ಡಾಕ್ಟರಿಗೂ ಮೊದಲು ಹೊಳೆಯುವುದಿಲ್ಲ. ರೋಗ ಗೊತ್ತಾಗುವುದು ತಡವಾಗಲು ಅದೂ ಒಂದು ಕಾರಣ. ತಾಯಿ ಕೇಳಿದರೆ ಇದನ್ನು ಹೇಳಿ. ಕೇಳದಿದ್ದರೆ ಸುಮ್ಮನಿರಿ.

ಹಾಗಾದರೆ ಏನು ಹೇಳುವುದು? ಹೋದವರ ಹೆಸರು ಹೇಳಿ. "ಹುಡುಗ", "ಪಾಪ ಅವನು" ಅನ್ನುವ ಬದಲು ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಹೇಳಿ. ನಿಮಗೆ ಗೊತ್ತಿರುವ ಒಂದು ಘಟನೆ ಹೇಳಿ. ಕಾಲೇಜಿನಿಂದ ಬರುತ್ತಾ ಗ್ಲಾಸ್‌ಹೌಸ್ ಹತ್ತಿರ ಬೈಕ್ ಕೆಟ್ಟಿದ್ದು, ಮಂಡಕ್ಕಿ ಮಿರ್ಚಿಗೆ ಎಲ್ಲರದೂ ದುಡ್ಡು ಅವನೇ ಕೊಡುತ್ತಿದ್ದದ್ದು, ಏನಾದರೂ ಸರಿ. ಅವರಿಗೆ ಗೊತ್ತಿಲ್ಲದ ಸಂಗತಿಯಾದರೆ ಇನ್ನೂ ಒಳ್ಳೆಯದು. ಮಕ್ಕಳ ಹೊಸ ಸುದ್ದಿ ಅವರಿಗೆ ಇನ್ನು ಸಿಗುವುದು ಹೀಗೆ ಮಾತ್ರ. ಏನೂ ತೋಚದಿದ್ದರೆ "ಏನು ಹೇಳಬೇಕೋ ಗೊತ್ತಾಗ್ತಿಲ್ಲ ಅಕ್ಕ, ಬಂದು ಕೂತ್ಕೊಳ್ಳೋಣ ಅನ್ನಿಸ್ತು" ಅಂದರೆ ಸಾಕು.

ಎದ್ದು ಬರುವಾಗ ಒಂದು ಕೆಲಸ ಹಿಡಿದುಕೊಂಡೇ ಬನ್ನಿ. "ಗುರುವಾರ ಬೆಳಿಗ್ಗೆ ಬರ್ತೀನಿ, ಗ್ಯಾಸ್ ಬುಕ್ ಮಾಡ್ತೀನಿ, ತರಕಾರಿ ತರ್ತೀನಿ" ಅಂತ ದಿನ ಹೇಳಿ. ಹೇಳಿದ ದಿನ ಹೋಗಿ.

## ಹಂತ 4: ಕಾಗದಪತ್ರ

ಇದಕ್ಕೆ ಕ್ರಮ ಇದೆ. ಮರಣ ಪ್ರಮಾಣ ಪತ್ರ ಇಲ್ಲದೆ ಬೇರೆ ಯಾವ ಕೆಲಸವೂ ಆಗುವುದಿಲ್ಲ.

ಸಾವನ್ನು 21 ದಿನದೊಳಗೆ ನೋಂದಣಿಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಆಗಿದ್ದರೆ ಆಸ್ಪತ್ರೆಯವರೇ ಕಳಿಸುತ್ತಾರೆ. ಮನೆಯಲ್ಲಾದರೆ ಮನೆಯವರು ತಿಳಿಸಬೇಕು, ನಗರದಲ್ಲಿ ಮಹಾನಗರ ಪಾಲಿಕೆಗೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. 21 ದಿನ ಮೀರಿದರೆ ದಂಡ ಶುಲ್ಕ. 30 ದಿನ ಮೀರಿದರೆ ಅಧಿಕಾರಿಯ ಲಿಖಿತ ಅನುಮತಿ, ಸ್ವಯಂ ದೃಢೀಕರಿಸಿದ ದಾಖಲೆ. ವರ್ಷ ಮೀರಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು.

ಇಲ್ಲಿ ಜನ ಎಡವುವ ಜಾಗ ಒಂದೇ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವರಿಗೆ ದಾವಣಗೆರೆ ಪಾಲಿಕೆ ಪತ್ರ ಕೊಡುವುದಿಲ್ಲ, ಮಣ್ಣು ಇಲ್ಲೇ ಆಗಿದ್ದರೂ ಅಷ್ಟೇ. ಪತ್ರ ಸಿಕ್ಕಾಗ ಏಳೆಂಟು ಪ್ರತಿ ತೆಗೆಸಿಡಿ.

ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಅದು ಬರುವಷ್ಟರಲ್ಲಿ ಬ್ಯಾಂಕ್ ಪಾಸ್‌ಬುಕ್ ತೆಗೆದು ಒಂದೊಂದೇ ಸಾಲು ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. ಕಾಯಿಲೆಯಿಂದ ತೀರಿಕೊಂಡರೂ ನಾಮಿನಿಗೆ 2 ಲಕ್ಷ ಬರುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಮಾತ್ರ ಇದು ಅನ್ವಯಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಗ ಖಾತೆ ತೆರೆಯುವಾಗ ಸಹಿ ಹಾಕಿದ್ದು ಅಪ್ಪನಿಗೆ ಗೊತ್ತೇ ಇರುವುದಿಲ್ಲ. 20 ರೂಪಾಯಿ ಕಡಿತ ಆಗುವುದು ಅಪಘಾತ ವಿಮೆ, ಅದು ಕ್ಯಾನ್ಸರ್ ಸಾವಿಗೆ ಸಿಗುವುದಿಲ್ಲ. ಇವೆರಡನ್ನೂ ಗೊಂದಲ ಮಾಡಿಕೊಂಡು "ನಿಮಗೆ ಬರಲ್ಲ" ಅಂತ ಕೌಂಟರಿನಲ್ಲಿ ವಾಪಸ್ ಕಳಿಸಿದರೆ ಮ್ಯಾನೇಜರ್ ಹತ್ತಿರ ಹೋಗಿ.

ಕೆಲಸದಲ್ಲಿದ್ದವರಾದರೆ ಪಿಎಫ್ ನೋಡಿ. ಹಣ ಪಡೆಯಲು ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಕೆಲಸದಲ್ಲಿ ಇರುವಾಗಲೇ ತೀರಿಕೊಂಡಿದ್ದರೆ ಪಿಎಫ್ ಜೊತೆಗಿನ ವಿಮೆಯಿಂದ 7 ಲಕ್ಷದವರೆಗೆ ಬರಬಹುದು. ಚಿಕಿತ್ಸೆಗೆ ದೀರ್ಘ ರಜೆ ಹಾಕಿದ್ದವರು ದಾಖಲೆಯಲ್ಲಿ ಇನ್ನೂ ನೌಕರರಾಗಿಯೇ ಇದ್ದರಾ ಅನ್ನುವುದನ್ನು ಕಂಪನಿಯ ಎಚ್‌ಆರ್ ಹತ್ತಿರ ಬರಹದಲ್ಲಿ ಕೇಳಿ. ಲ್ಯಾಪ್‌ಟಾಪ್ ಹಿಂತಿರುಗಿಸುವುದು, ಪಿಜಿಯ ಅಡ್ವಾನ್ಸ್ ಕೇಳುವುದು, ಕಾಲೇಜಿನಿಂದ ಮೂಲ ಅಂಕಪಟ್ಟಿ ತರುವುದು, ಇವು ಗೆಳೆಯರ ಪಾಲಿನ ಕೆಲಸ. ಶಿಕ್ಷಣ ಸಾಲ ಇದ್ದರೆ ಅದಕ್ಕೆ ವಿಮೆ ಕಟ್ಟಿತ್ತಾ ಅಂತ ಬ್ಯಾಂಕಿನಲ್ಲಿ ಕೇಳಿದ ಮೇಲೆಯೇ ಕಂತಿನ ಮಾತಾಡಿ.

ಫೋನ್ ವಿಷಯದಲ್ಲಿ ಹುಷಾರು. ರೀಸೆಟ್ ಮಾಡಬೇಡಿ, ಮಾರಬೇಡಿ, ತಮ್ಮನಿಗೆ ಕೊಡಬೇಡಿ. ಸಿಮ್‌ಗೆ ರೀಚಾರ್ಜ್ ಮಾಡಿಸುತ್ತಾ ಇರಿ, 90 ದಿನ ಬಳಕೆಯೇ ಇಲ್ಲದಿದ್ದರೆ ನಂಬರ್ ರದ್ದಾಗಬಹುದು. ಫೋಟೋ, ವಿಡಿಯೊ, ವಾಟ್ಸಾಪ್‌ನ ವಾಯ್ಸ್ ಮೆಸೇಜುಗಳನ್ನು ಗೆಳೆಯರು ಎರಡು ಕಡೆ ನಕಲು ಮಾಡಿಡಲಿ. ಪಿನ್ ಗೊತ್ತಿದೆ ಅಂತ ಎಟಿಎಂ, ಫೋನ್‌ಪೇಯಿಂದ ಹಣ ತೆಗೆಯಬೇಡಿ. ಸಾವಿನ ನಂತರ ಹಾಗೆ ತೆಗೆದ ಹಣ ಮನೆಯವರ ನಡುವೆಯೇ ಜಗಳ ತರುತ್ತದೆ, ಕಾನೂನಿನ ತೊಂದರೆಯೂ ಇದೆ.

ಮದುವೆಯಾದವರು ತೀರಿಕೊಂಡಿದ್ದರೆ ಹಣದ ಮಾತು ಬೇಗ ಬಿಸಿಯಾಗುತ್ತದೆ. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವರು, ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ. ಪಿಎಫ್‌ನಂಥವಕ್ಕೆ ಅದರದೇ ನಿಯಮ ಇದೆ. ಉಳಿದ ಆಸ್ತಿಯಲ್ಲಿ, ಉಯಿಲು ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಮಗನ ಪಾಲು ಹೆಂಡತಿಗೆ, ಮಕ್ಕಳಿಗೆ, ತಾಯಿಗೆ ಸಮನಾಗಿ ಹೋಗುತ್ತದೆ. ಜಗಳದ ವಾಸನೆ ಬಂದ ಕೂಡಲೇ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.

ಸಾಲಗಾರರ ಪಟ್ಟಿಯನ್ನೂ ಇದೇ ನೋಟ್‌ಬುಕ್ಕಿನಲ್ಲಿ ಮಾಡಿ. ಬಡ್ಡಿ ಜಾಸ್ತಿ ಇರುವುದು ಮೇಲೆ ಬರಲಿ. ಫೈನಾನ್ಸಿನವರು ಮನೆ ಮುಂದೆ ಕೂತು ಗಲಾಟೆ ಮಾಡಿದರೆ ಪೊಲೀಸರಿಗೆ ದೂರು ಕೊಡಬಹುದು. ಬಲವಂತದ ವಸೂಲಿ ತಡೆಯಲೆಂದೇ 2025ರಲ್ಲಿ ರಾಜ್ಯದಲ್ಲಿ ಕಾನೂನು ಬಂದಿದೆ. ಚಿಕಿತ್ಸೆಗೆ ಜನ ಕೂಡಿಸಿಕೊಟ್ಟ ಹಣದ ಲೆಕ್ಕವನ್ನು ಮಾತ್ರ ಯಾರೂ ಕೇಳಬಾರದು. ಕೊಟ್ಟಾಯಿತು, ಮುಗಿಯಿತು.

## ಹಂತ 5: ದಿನ ಮುಗಿದ ಮೇಲೆ

ನಿಜವಾದ ಕೆಲಸ ಈಗ ಶುರು. ನಾಲ್ಕೈದು ಜನ ವಾರದ ದಿನಗಳನ್ನು ಹಂಚಿಕೊಳ್ಳಿ. ಒಬ್ಬರು ಮಂಗಳವಾರ ಸಂಜೆ, ಒಬ್ಬರು ಭಾನುವಾರ ಮಧ್ಯಾಹ್ನ ಹೀಗೆ, ಕನಿಷ್ಠ ಆರು ತಿಂಗಳು. ಅರ್ಧ ಗಂಟೆ ಸಾಕು. ಅಮ್ಮನ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿ, ಅವರೆಕಾಯಿ ಸುಲಿಯಿರಿ. ಕೈಗೆ ಕೆಲಸ ಇದ್ದಾಗ ಮಾತು ತಾನೇ ಬರುತ್ತದೆ.

ತಂದೆಯನ್ನು ಬಹಳ ಜನ ಮರೆಯುತ್ತಾರೆ. ಅಂಗಡಿ ತೆರೆದರು, ಡ್ಯೂಟಿಗೆ ಹೋದರು, ಸರಿಹೋದರು ಅಂದುಕೊಳ್ಳುತ್ತೇವೆ. ಬಂದವರೆಲ್ಲ ಅವರಿಗೆ "ನೀವೇ ಧೈರ್ಯ ತಂದುಕೊಳ್ಳಬೇಕು" ಅಂದು ಹೋಗಿರುತ್ತಾರೆ. ಎದುರು ಬದುರು ಕೂರಿಸಿದರೆ ಬಾಯಿ ಬಿಡುವುದಿಲ್ಲ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್‌ಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಡೆಯುವಾಗ ಮಾತಾಡುತ್ತಾರೆ. ಕುಡಿತ ಶುರುವಾಗಿದೆಯಾ ಅಂತಲೂ ಗಮನ ಇಡಿ.

ತಾಯಿಯ ಒಳಗೆ ಕೊರೆಯುವುದು ಸಾಮಾನ್ಯವಾಗಿ ಒಂದು ನಿರ್ಧಾರ. ರೋಗದ ಹೆಸರನ್ನು ಮಗಳಿಗೆ ಕೊನೆಯವರೆಗೂ ಹೇಳಲಿಲ್ಲ. ವೆಂಟಿಲೇಟರ್ ಬೇಡ ಅಂದೆವು. ಕೊನೆಯ ರಾತ್ರಿ ನಿದ್ದೆ ಹೋದೆ. ಇದಕ್ಕೆ "ಹಾಗೆಲ್ಲ ಯೋಚಿಸಬೇಡ" ಅನ್ನಬೇಡಿ, ಪೂರ್ತಿ ಹೇಳಲು ಬಿಡಿ. ಆಮೇಲೆ, ಆಗ ಗೊತ್ತಿದ್ದಷ್ಟರಲ್ಲಿ ಮಾಡಿದ ನಿರ್ಧಾರ ಅದು ಅನ್ನುವುದನ್ನು ನೆನಪಿಸಿ. ತಿಂಗಳುಗಟ್ಟಲೆ ನೋಡಿಕೊಂಡವರಿಗೆ ಒಂದು ಕ್ಷಣ ಹಗುರ ಅನ್ನಿಸಿರುತ್ತದೆ, ಅದಕ್ಕೇ ನಾಚಿಕೆಯೂ ಆಗಿರುತ್ತದೆ. ನರಳಾಟ ನಿಂತದ್ದಕ್ಕೆ ಹಾಗೆ ಅನ್ನಿಸಿದ್ದು, ಮಗಳು ಹೋದದ್ದಕ್ಕಲ್ಲ.

ತಮ್ಮ, ತಂಗಿ ಇದ್ದರೆ ಅವರಿಗೆ ಒಬ್ಬರು ದೊಡ್ಡವರು ಬೇರೆಯೇ ಬೇಕು. ಅಣ್ಣನ ಚಿಕಿತ್ಸೆಯ ಕಾಲದಲ್ಲಿ ಅವರು ಅಜ್ಜಿ ಮನೆಯಲ್ಲೋ ಹಾಸ್ಟೆಲಿನಲ್ಲೋ ಬೆಳೆದಿರುತ್ತಾರೆ. ಈಗ "ಅಪ್ಪ ಅಮ್ಮನಿಗೆ ಇನ್ನು ನೀನೇ" ಅನ್ನುವ ಹೊರೆ ಬೇರೆ. ಆ ಮಾತು ಆಡುವವರನ್ನು ಅಲ್ಲೇ ತಡೆಯಿರಿ. ಪಿಯುಸಿ, ಎಸ್‌ಎಸ್‌ಎಲ್‌ಸಿ ವರ್ಷವಾದರೆ ಶಾಲೆಗೆ ಹೋಗಿ ಕ್ಲಾಸ್ ಟೀಚರಿಗೆ ವಿಷಯ ತಿಳಿಸಿ. "ನನಗೂ ಬರುತ್ತಾ?" ಅನ್ನುವ ಭಯ ಅವರಿಗಿರುತ್ತದೆ, ಬಾಯಿ ಬಿಟ್ಟು ಕೇಳುವುದಿಲ್ಲ. ಕ್ಯಾನ್ಸರ್‌ಗಳಲ್ಲಿ ವಂಶಪಾರಂಪರ್ಯವಾಗಿ ಬರುವುದು ಸುಮಾರು ನೂರಕ್ಕೆ ಐದರಿಂದ ಹತ್ತು ಮಾತ್ರ. ಆದರೂ ಕೆಲವು ಬಗೆಯವಕ್ಕೆ ಮನೆಯವರ ತಪಾಸಣೆ ಬೇಕಾಗುತ್ತದೆ. ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಒಮ್ಮೆ ಕೇಳಿಬಿಟ್ಟರೆ ಭಯಕ್ಕೊಂದು ಉತ್ತರ ಸಿಗುತ್ತದೆ. "ಆ ಮನೆಯಲ್ಲಿ ಕ್ಯಾನ್ಸರ್ ಇದೆಯಂತೆ" ಅಂತ ತಂಗಿಯ ಸಂಬಂಧ ಮುರಿಯುವ ಮಾತು ಊರಲ್ಲಿ ಹಬ್ಬಿದರೆ, ಅದನ್ನು ಅಲ್ಲಗಳೆಯುವ ಕೆಲಸವೂ ನಿಮ್ಮದೇ.

ಹೆಂಡತಿ ಉಳಿದಿದ್ದರೆ ಬಳೆ, ಕುಂಕುಮ, ಹೂವಿನ ವಿಷಯದಲ್ಲಿ ಯಾರೂ ಕೈ ಹಾಕದಂತೆ ಮೊದಲ ದಿನವೇ ಗಟ್ಟಿಯಾಗಿ ನಿಲ್ಲಿ. ಅವಳು ತವರಿಗೆ ಹೋಗಬೇಕಾ, ಇಲ್ಲೇ ಇರಬೇಕಾ ಅನ್ನುವುದನ್ನು ಹನ್ನೊಂದನೇ ದಿನದ ಪಂಚಾಯಿತಿಯಲ್ಲಿ ತೀರ್ಮಾನ ಮಾಡಬೇಡಿ.

## ಹಂತ 6: ಹಬ್ಬ, ಹುಟ್ಟಿದ ದಿನ, ವರ್ಷ

ಮೊದಲ ವರ್ಷ ಆ ಮನೆಯಲ್ಲಿ ಹಬ್ಬ ಇರುವುದಿಲ್ಲ, ಸುತ್ತಲೂ ಇರುತ್ತದೆ. ಯುಗಾದಿ, ದೀಪಾವಳಿ, ಹುಟ್ಟಿದ ದಿನ, ರೋಗ ಗೊತ್ತಾದ ದಿನ, ಇವನ್ನು ಈಗಲೇ ಬರೆದಿಟ್ಟುಕೊಂಡು ಹಿಂದಿನ ದಿನವೇ ಹೋಗಿ ಬನ್ನಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಆ ವರ್ಷವೇ ಬಂದರೆ ಇನ್ನೂ ಗಮನ ಇರಲಿ. ಊರಿಗೆ ಊರೇ ನೆಂಟರಿಂದ ತುಂಬಿರುವಾಗ ಅವರ ಮನೆಯ ಬಾಗಿಲು ಮಾತ್ರ ಮುಚ್ಚಿರುತ್ತದೆ. ಆ ಎರಡು ದಿನ ಬೇರೆ ಊರಿಗೆ ಹೋಗಬೇಕು ಅಂದರೆ ಜೊತೆಗೆ ಹೋಗಿ.

ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಬಹಳ ತಾಯಂದಿರು ಕುಸಿಯುತ್ತಾರೆ. ಇಪ್ಪತ್ನಾಲ್ಕರ ಮಗನನ್ನು ಹಿರಿಯರ ಸಾಲಿಗೆ ಸೇರಿಸಿ ಹೊಸ ಬಟ್ಟೆ ಇಡುವುದು ಯಾರಿಗೆ ಸುಲಭ? ಆ ಬಟ್ಟೆ ಕೊಳ್ಳಲು ಅವರನ್ನು ಒಬ್ಬರನ್ನೇ ಅಂಗಡಿಗೆ ಕಳಿಸಬೇಡಿ.

ಮದುವೆ, ಸೀಮಂತಕ್ಕೆ ಕರೆಯುವುದಾ ಬೇಡವಾ ಅಂತ ಕೇಳುತ್ತಾರೆ. ಕರೆಯಿರಿ. "ಬರದಿದ್ರೂ ಬೇಜಾರಿಲ್ಲ, ಹೇಳದೆ ಇರೋಕೆ ಮನಸ್ಸಾಗ್ಲಿಲ್ಲ" ಅನ್ನಿ. ಕರೆಯದೆ ಬಿಟ್ಟರೆ ಅಪಶಕುನ ಅಂತ ಬಿಟ್ಟರು ಅಂದುಕೊಳ್ಳುತ್ತಾರೆ, ಕೆಲವರು ಬಿಡುವುದೂ ಅದಕ್ಕೇ.

## ಹಂತ 7: ಅಪಾಯದ ಸೂಚನೆಗಳು

ಅಳು, ನಿದ್ದೆಗೇಡು, ಊಟ ಸೇರದಿರುವುದು, ಮಗನ ದನಿ ಕೇಳಿಸಿದ ಹಾಗಾಗುವುದು, ಇವು ಮೊದಲ ತಿಂಗಳುಗಳಲ್ಲಿ ಸಹಜ. ಸ್ವಲ್ಪ ಸರಿಹೋದವರು ನಾಲ್ಕನೇ ತಿಂಗಳಿಗೆ ಮತ್ತೆ ಕುಸಿಯುವುದೂ ಉಂಟು.

ಆದರೆ ಆರು ತಿಂಗಳು, ವರ್ಷ ಕಳೆದರೂ ದಿನವಿಡೀ ಅದೇ ಹಂಬಲ, ಸ್ನಾನ, ಅಡುಗೆ, ಕೆಲಸ ಯಾವುದೂ ಆಗದ ಸ್ಥಿತಿ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು. ಹೀಗೆ ಬಿಡದೆ ಉಳಿಯುವ ದುಃಖವನ್ನು ವೈದ್ಯರು ಒಂದು ಕಾಯಿಲೆ ಅಂತಲೇ ಗುರುತಿಸುತ್ತಾರೆ.

ಕೆಲವಕ್ಕೆ ಒಂದು ದಿನವೂ ಕಾಯಬಾರದು. "ನಾನೂ ಅವನ ಹತ್ತಿರ ಹೋಗ್ತೀನಿ" ಅನ್ನುವ ಮಾತು. ಬಂಗಾರ, ಕಾಗದಪತ್ರ ಇದ್ದಕ್ಕಿದ್ದಂತೆ ಹಂಚುವುದು. ಮಾತ್ರೆ ಕೂಡಿಡುವುದು. ದಿನಗಟ್ಟಲೆ ಊಟ, ನೀರು ಬಿಡುವುದು. "ಸಾಯಬೇಕು ಅನ್ನಿಸ್ತಿದೆಯಾ ಅಕ್ಕ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಹೊಲಕ್ಕೆ ತಂದ ಕ್ರಿಮಿನಾಶಕ ಎರಡನ್ನೂ ಆಚೆ ಸಾಗಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಉಚಿತ, 24 ಗಂಟೆಯೂ ಕನ್ನಡದಲ್ಲೇ ಮಾತಾಡುತ್ತಾರೆ. ತುರ್ತಾದರೆ 108.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಸಿಗುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. ಮನೋವೈದ್ಯರು ಅಂದ ಕೂಡಲೇ "ನನಗೇನು ಹುಚ್ಚಾ?" ಅನ್ನುತ್ತಾರೆ. ವಾದ ಬೇಡ. "ನಿದ್ದೆ ಬರ್ತಿಲ್ಲವಲ್ಲ, ಅದನ್ನೊಂದು ತೋರಿಸಿಕೊಂಡು ಬರೋಣ" ಅನ್ನಿ, ಅದು ಸುಳ್ಳೂ ಅಲ್ಲ. ಆಟೋ ನೀವೇ ಕರೆಯಿರಿ, ಚೀಟಿ ನೀವೇ ಮಾಡಿಸಿ, ಒಳಗೆ ಜೊತೆಗೆ ಕೂರಬೇಕಾ ಅಂತ ಅವರನ್ನೇ ಕೇಳಿ. ಎರಡನೇ ಸಲಕ್ಕೂ ನೀವೇ ಹೋಗಿ. ಒಂದು ಸಲ ತೋರಿಸಿ ಮಾತ್ರೆ ಅರ್ಧಕ್ಕೆ ಬಿಡುವವರೇ ಜಾಸ್ತಿ.